ಸೀಸೆಯ ಪೆಟ್ರೋಲು, ತಂತಿಯ ಕರೆಂಟು



ಶಹಾಪುರದಿಂದ ಸುರಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಹತ್ತಿಗೂಡೂರಿನ ಬಳಿ ಬಸ್ಸಿನಿಂದಿಳಿದು, ಕೃಷ್ಣೆಯ ಕಡೆಗೆ ಒಳದಾರಿ ಹಿಡಿದು ಹೋದರೆ ಸಿಗುವ ಹಳ್ಳಿಗಳಲ್ಲಿ, ಯಾವುದಾದರೊಂದು ಕಿರಾಣಿ ಅಂಗಡಿಯ ಮುಂದೆ, ಬೀಡಿಯ ಕಟ್ಟು, ಬಟ್ಟೆಯ ಸಾಬೂನುಗಳಿಗೆ ತುಸು ದೂರವಾಗಿ, ಕುಡಿಯುವ ನೀರಿನ ಪ್ಲಾಸ್ಟಿಕ್ ಸೀಸೆಗಳಲ್ಲಿ ತುಂಬಿಟ್ಟ ಕೇಸರಿ ಛಾಯೆಯ ದ್ರವವೊಂದನ್ನು ತಾವು ನೋಡಿರಬಹುದು. ಅದು ಪೆಟ್ರೋಲು. ಹೀಗೆ ಮಾರುವುದಕ್ಕೆ ಕಾನೂನಿನ ಸಮ್ಮತಿಯಿಲ್ಲ. ಬೆಂಕಿಯ ಭಯವೂ ಅಲ್ಪವಲ್ಲ. ಆದರೂ ಬಂಕು ಹನ್ನೆರಡು ಹದಿನೈದು ಕಿಲೋಮೀಟರು ದೂರವಿರುವ ಊರಿನಲ್ಲಿ, ಬೆಳಗಿನ ಜಾವ ಹತ್ತಿ ಬಿಡಿಸುವ ಹೆಣ್ಣುಮಕ್ಕಳನ್ನು ಹೊಲಕ್ಕೆ ಮುಟ್ಟಿಸಬೇಕಾದ ಬಡಪಾಯಿಯು ಆ ಸೀಸೆಯನ್ನಲ್ಲದೆ ಮತ್ತಾವುದನ್ನು ನೆಚ್ಚಿಯಾನು? ವಿದ್ಯುತ್ ಕಾರು ಮೇಲೋ ಪೆಟ್ರೋಲಿನ ಕಾರು ಮೇಲೋ ಎಂಬ ವಾದವು ಈಗ ನಮ್ಮ ಯಾದಗಿರಿಯ ಚಹದ ಅಂಗಡಿಗಳವರೆಗೂ ಬಂದು ತಲುಪಿರುವುದರಿಂದ, ಆ ವಾದವನ್ನು ಈ ಸೀಸೆಯ ಎದುರಿನಲ್ಲಿಯೇ ನಿಂತು ವಿಚಾರಿಸುವುದು ಉಚಿತವೆಂದು ನನಗೆ ತೋರುತ್ತದೆ.

ಇಂಧನವನ್ನು ಸೀಸೆಯಲ್ಲಿ ಕೊಂಡು ಪ್ರಯಾಣ ಮುಂದುವರಿಸುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಹುಟ್ಟಿದ್ದಲ್ಲ; ಅದು ಮೋಟಾರು ವಾಹನದಷ್ಟೇ ಹಳೆಯದು. 1888ರ ಆಗಸ್ಟ್ ತಿಂಗಳಿನಲ್ಲಿ ಜರ್ಮನಿಯ ಬೆರ್ಥಾ ಬೆಂಜ್ ಎಂಬ ಧೀರ ಮಹಿಳೆಯು, ತನ್ನ ಪತಿ ಕಾರ್ಲ್ ಬೆಂಜನು ನಿರ್ಮಿಸಿದ ಮೂರು ಗಾಲಿಯ ವಾಹನವನ್ನು ಆತನಿಗೆ ತಿಳಿಸದೆಯೇ ಹೊರಡಿಸಿಕೊಂಡು, ಇಬ್ಬರು ಮಕ್ಕಳೊಡನೆ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತವರುಮನೆಗೆ ನೂರು ಕಿಲೋಮೀಟರಿಗೂ ಮೀರಿದ ಹಾದಿಯನ್ನು ಕ್ರಮಿಸಿದಳಷ್ಟೆ. ಮಾರ್ಗಮಧ್ಯದ ವೀಸ್ಲೋಖ್ ಎಂಬಲ್ಲಿ ಇಂಧನ ತೀರಿಹೋಗಲಾಗಿ, ಆಕೆ ಔಷಧದ ಅಂಗಡಿಯೊಂದನ್ನು ಹೊಕ್ಕು, ಬಟ್ಟೆಯ ಕಲೆ ತೆಗೆಯುವುದಕ್ಕಾಗಿ ಮಾರುತ್ತಿದ್ದ ಲಿಗ್ರಾಯಿನ್ ಎಂಬ ತೈಲವನ್ನು ಕೊಂಡು ಯಂತ್ರಕ್ಕೆ ಹೊಯ್ದಳು. ಪ್ರಪಂಚದ ಪ್ರಥಮ ಪೆಟ್ರೋಲ್ ಬಂಕು ಎಂದು ಜನ ಇಂದು ತೋರಿಸುವುದು ಆ ಔಷಧದ ಅಂಗಡಿಯನ್ನೇ. ಬಂಕುಗಳೆಲ್ಲ ಮೊದಲು ಸಿದ್ಧವಾಗಿ ಆಮೇಲೆ ಕಾರುಗಳು ಬಂದುವೆಂದು ಭಾವಿಸಿ, ಚಾರ್ಜಿಂಗ್ ಕೇಂದ್ರಗಳಿಲ್ಲದ ಊರಿಗೆ ವಿದ್ಯುತ್ ಕಾರು ಹೇಗೆ ಬಂದೀತೆಂದು ಕೇಳುವವರು ಈ ವೃತ್ತಾಂತವನ್ನು ಒಮ್ಮೆ ನೆನೆಯಬೇಕು.

ವಿದ್ಯುತ್ ವಾಹನವು ನಿನ್ನೆ ಮೊನ್ನೆಯದೆಂಬ ನಂಬಿಕೆಯೂ ಸರಿಯಲ್ಲ. 1899ರಲ್ಲಿ ಮೊತ್ತಮೊದಲಿಗೆ ಗಂಟೆಗೆ ನೂರು ಕಿಲೋಮೀಟರಿನ ವೇಗವನ್ನು ದಾಟಿದ ಕಾರು, ಕಮೀಲ್ ಜೆನಾಟ್ಸಿ ಎಂಬ ಬೆಲ್ಜಿಯಂ ದೇಶದವನು ನಡೆಸಿದ್ದು, ವಿದ್ಯುತ್ತಿನಿಂದಲೇ ಓಡಿತು. 1900ರ ಸುಮಾರಿನಲ್ಲಿ ಅಮೆರಿಕದ ರಸ್ತೆಗಳ ಮೇಲಿದ್ದ ಮೋಟಾರು ವಾಹನಗಳಲ್ಲಿ ಸರಿಸುಮಾರು ಮೂರರಲ್ಲೊಂದು ಬ್ಯಾಟರಿಯದಾಗಿತ್ತು. ಅನಂತರ ಟೆಕ್ಸಾಸಿನಲ್ಲಿ ಎಣ್ಣೆಯ ಬಾವಿಗಳು ಉಕ್ಕಿದುವು. 1908ರಲ್ಲಿ ಫೋರ್ಡನ ಅಗ್ಗದ ಕಾರು ಹೊರಟಿತು. 1912ರಲ್ಲಿ ಚಾರ್ಲ್ಸ್ ಕೆಟರಿಂಗನ ಸೆಲ್ಫ್ ಸ್ಟಾರ್ಟರು ಕ್ಯಾಡಿಲಾಕ್ ಕಾರಿಗೆ ಬಂದು, ಮುಂದೆ ನಿಂತು ಹ್ಯಾಂಡಲು ತಿರುಗಿಸುವ ಪ್ರಯಾಸವೂ ತಪ್ಪಿತು. ಈ ಸೆಲ್ಫ್ ಸ್ಟಾರ್ಟರೆಂಬುದು ಒಂದು ಪುಟ್ಟ ವಿದ್ಯುತ್ ಮೋಟಾರೇ ಎಂಬುದನ್ನು ಗಮನಿಸಬೇಕು: ಪೆಟ್ರೋಲಿನ ಕಾರು ವಿದ್ಯುತ್ ಕಾರನ್ನು ಸೋಲಿಸಿದ್ದು ಅದರದೇ ಅಂಗವೊಂದನ್ನು ಸಾಲ ಪಡೆದು. ಇದರ ಮೇಲೆ, ಬ್ಯಾಟರಿಯು ತನ್ನ ತೂಕಕ್ಕೆ ತಕ್ಕಷ್ಟು ಶಕ್ತಿಯನ್ನು ಹೊರಲಾರದೆಂಬ ಮೂಲದೋಷವು ಇದ್ದೇ ಇತ್ತು. ಒಂದು ಲೀಟರು ಪೆಟ್ರೋಲಿನಲ್ಲಿ ಸುಮಾರು ಒಂಬತ್ತು ಯೂನಿಟ್ಟಿನಷ್ಟು ಶಕ್ತಿಯಿದೆ. ಅಷ್ಟನ್ನು ಹಿಡಿದಿಡಲು ಇಂದಿನ ಒಳ್ಳೆಯ ಲಿಥಿಯಂ ಬ್ಯಾಟರಿಗೂ ಐವತ್ತು ಅರವತ್ತು ಕಿಲೋ ತೂಕ ಬೇಕಾಗುತ್ತದೆ. ಆದರೆ ಪೆಟ್ರೋಲಿನ ಎಂಜಿನ್ನು ಆ ಶಕ್ತಿಯ ಬಹುಭಾಗವನ್ನು ಬಿಸಿಯಾಗಿ ಹೊರಗೆ ಚೆಲ್ಲಿ, ನಾಲ್ಕರಲ್ಲೊಂದು ಪಾಲನ್ನು ಮಾತ್ರ ಗಾಲಿಗೆ ಮುಟ್ಟಿಸುವುದು. ವಿದ್ಯುತ್ ಮೋಟಾರಾದರೋ ಹತ್ತರಲ್ಲಿ ಎಂಟು ಪಾಲಿಗೂ ಮಿಕ್ಕಿ ಮುಟ್ಟಿಸುವುದು. ವಾದವೆಲ್ಲ ನಿಂತಿರುವುದು ಈ ಎರಡು ಸಂಗತಿಗಳ ಮೇಲೆ.

ನಮ್ಮ ಸೀಮೆಗೆ ಪೆಟ್ರೋಲು ಬಂದ ಬಗೆಯನ್ನೂ ನೆನೆಯೋಣ. ಯಾದಗಿರಿ, ಶಹಾಪುರ, ಸುರಪುರ ಈ ಮೂರು ಊರುಗಳೂ ನಿಜಾಮ ಸಂಸ್ಥಾನದ ಗುಲ್ಬರ್ಗಾ, ಎಂದರೆ ಇಂದಿನ ಕಲಬುರಗಿ, ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, 1932ರಲ್ಲಿ, ಆ ಸಂಸ್ಥಾನವು 27 ಬಸ್ಸುಗಳನ್ನಿಟ್ಟುಕೊಂಡು ತನ್ನ ರಸ್ತೆ ಸಾರಿಗೆಯನ್ನು ಆರಂಭಿಸಿತು. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಪೆಟ್ರೋಲಿಗೆ ರೇಷನ್ನು ಬಂದಾಗ, ನಮ್ಮ ದೇಶದ ಬಸ್ಸುಗಳು ಬೆನ್ನಿಗೆ ಒಲೆಯೊಂದನ್ನು ಕಟ್ಟಿಕೊಂಡು ಇದ್ದಿಲಿನ ಗ್ಯಾಸಿನಿಂದ ಓಡಿದುವು. ಏರು ಬಂದೆಡೆ ಪ್ರಯಾಣಿಕರೇ ಇಳಿದು ನೂಕಿದ್ದನ್ನು ಹಿರಿಯರು ನಮಗೆ ಹೇಳುತ್ತಿದ್ದರು. ಪರದೇಶದಿಂದ ಹಡಗಿನಲ್ಲಿ ಬರುವ ಇಂಧನವನ್ನು ನಂಬಿದ ಪ್ರಯಾಣವು ಯುದ್ಧಕಾಲದಲ್ಲಿ ಏನಾಗುವುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ. ಇಂದಿಗೂ ನಮ್ಮ ದೇಶ ಬಳಸುವ ಕಚ್ಚಾತೈಲದ ನೂರರಲ್ಲಿ ಎಂಬತ್ತೈದು ಭಾಗಕ್ಕೂ ಹೆಚ್ಚು ಹೊರಗಿನಿಂದಲೇ ಬರುತ್ತಿದೆ.

ಈಗ ದೂರದ ಲೆಕ್ಕ. ಯಾದಗಿರಿಯಿಂದ ಭೀಮೆಯನ್ನು ದಾಟಿ, ದೋರನಹಳ್ಳಿಯ ಮೇಲೆ ಹಾಯ್ದು ಶಹಾಪುರವನ್ನು ಸೇರಿದರೆ ಮೂವತ್ತೈದು ಕಿಲೋಮೀಟರಿಗೆ ತುಸು ಹೆಚ್ಚು. ಅಲ್ಲಿಂದ ಸುರಪುರಕ್ಕೆ ಇಪ್ಪತ್ತೈದರ ಆಸುಪಾಸು. ಮೂರೂ ಊರುಗಳ ಕೆಲಸ ಮುಗಿಸಿ ಅದೇ ದಾರಿಯಲ್ಲಿ ಮರಳಿದರೂ ದಿನಕ್ಕೆ ನೂರಿಪ್ಪತ್ತು ನೂರಿಪ್ಪತ್ತೈದು ಕಿಲೋಮೀಟರನ್ನು ಮೀರದು. ಬೆಂಗಳೂರಿನ ಚೇತನ್ ಮೈನಿಯವರು 2001ರಲ್ಲಿ ಮಾರುಕಟ್ಟೆಗೆ ತಂದ ರೇವಾ ಎಂಬ ಪುಟ್ಟ ಕಾರು, ಲಂಡನ್ನಿನ ಬೀದಿಗಳಲ್ಲಿಯೂ ಓಡಾಡಿ ಕನ್ನಡ ನಾಡಿಗೆ ಕೀರ್ತಿ ತಂದದ್ದು, ಸೀಸದ ಬ್ಯಾಟರಿಯಿಂದ ಒಂದು ಸಲಕ್ಕೆ ಎಂಬತ್ತು ಕಿಲೋಮೀಟರು ಹೋಗುತ್ತಿತ್ತು. ಯಾದಗಿರಿಯಿಂದ ಶಹಾಪುರಕ್ಕೆ ಹೋಗಿ ಬರುವುದೇ ಅದಕ್ಕೆ ಪರಮಾವಧಿ. ಇಂದಿನ ಸಾಧಾರಣ ವಿದ್ಯುತ್ ಕಾರು ಮೂವತ್ತು ಯೂನಿಟ್ಟಿನ ಬ್ಯಾಟರಿಯೊಡನೆ ಇನ್ನೂರು ಕಿಲೋಮೀಟರಿನಷ್ಟು ನಿಜವಾಗಿಯೂ ಓಡುವುದರಿಂದ, ನಮ್ಮ ಮೂರು ಊರುಗಳ ನಿತ್ಯಸಂಚಾರದ ಮಟ್ಟಿಗೆ ದೂರದ ಭಯವು ಅಳಿದಿದೆಯೆಂದೇ ಹೇಳಬೇಕು. ಎರೆಭೂಮಿಯ ಕೆಸರಿನ ಪ್ರಶ್ನೆಯೊಂದಿದೆ. ಆದರೆ ಕೆಸರು ಎರಡೂ ಬಗೆಯ ಕಾರುಗಳನ್ನು ಸಮನಾಗಿಯೇ ಹಿಡಿಯುತ್ತದೆ.

ಹಣದ ಲೆಕ್ಕವನ್ನು ಸ್ವಲ್ಪ ತಾಳ್ಮೆಯಿಂದ ನೋಡಬೇಕು, ಏಕೆಂದರೆ ಜನಸಾಮಾನ್ಯರು ತಪ್ಪುವುದು ಇಲ್ಲಿಯೇ. ಯಾದಗಿರಿಯಲ್ಲಿ ಮನೆ ಮಾಡಿಕೊಂಡು ಶಹಾಪುರದ ಕಚೇರಿಗೆ ದಿನವೂ ಹೋಗಿ ಬರುವ ಒಬ್ಬ ನೌಕರನನ್ನು ಕಲ್ಪಿಸಿಕೊಳ್ಳಿ. ತಿಂಗಳಿಗೆ ಇಪ್ಪತ್ತೈದು ದಿನ. ಒಟ್ಟು ಸಾವಿರದ ಒಂಬೈನೂರು ಕಿಲೋಮೀಟರು. ಪೆಟ್ರೋಲಿನ ಕಾರು ಲೀಟರಿಗೆ ಹದಿನಾರು ಕಿಲೋಮೀಟರು ಕೊಟ್ಟರೆ ನೂರಹತ್ತೊಂಬತ್ತು ಲೀಟರು ಬೇಕು. ಲೀಟರಿಗೆ ನೂರು ರೂಪಾಯಿ ದಾಟಿರುವ ಈ ದಿನಗಳಲ್ಲಿ ಸುಮಾರು ಹನ್ನೆರಡು ಸಾವಿರ. ವಿದ್ಯುತ್ ಕಾರು ಯೂನಿಟ್ಟಿಗೆ ಏಳು ಕಿಲೋಮೀಟರಿನಂತೆ ಓಡಿದರೆ, ತಂತಿಯಲ್ಲಿ ಸೋರುವುದನ್ನೂ ಸೇರಿಸಿ ಮುನ್ನೂರು ಯೂನಿಟ್ಟು. ಯೂನಿಟ್ಟಿಗೆ ಏಳು ರೂಪಾಯಿಯಾದರೂ ಎರಡು ಸಾವಿರದ ನೂರು. ತಿಂಗಳಿಗೆ ಹತ್ತು ಸಾವಿರದ ಉಳಿತಾಯ! ಕೊಳ್ಳುವಾಗ ಎರಡು ಮೂರು ಲಕ್ಷ ಹೆಚ್ಚು ತೆತ್ತಿದ್ದರೂ ಎರಡೂವರೆ ವರ್ಷದೊಳಗೆ ಅದು ಹಿಂದಕ್ಕೆ ಬರುವುದು. ಆದರೆ ವಾರಕ್ಕೊಮ್ಮೆ ತಿಂಥಣಿಯ ಮೌನೇಶ್ವರನ ದರ್ಶನಕ್ಕೆಂದೋ, ಸೋದರತ್ತೆಯ ಮನೆಗೆಂದೋ ಕಾರು ಹೊರತೆಗೆದು ತಿಂಗಳಿಗೆ ಮುನ್ನೂರು ಕಿಲೋಮೀಟರು ಮಾತ್ರ ಓಡಾಡುವ ಗೃಹಸ್ಥನಿಗೆ ಉಳಿಯುವುದು ಒಂದೂವರೆ ಸಾವಿರದಷ್ಟು. ಹೆಚ್ಚು ತೆತ್ತ ಮೂರು ಲಕ್ಷ ಕೈಸೇರುವಷ್ಟರಲ್ಲಿ ಹದಿನಾರು ಹದಿನೇಳು ವರ್ಷ ಕಳೆದು ಕಾರೇ ಮುದಿಯಾಗಿರುತ್ತದೆ. ಕಡಮೆ ಓಡಾಡುವವನಿಗೆ ವಿದ್ಯುತ್ ಕಾರು, ಹೆಚ್ಚು ಓಡಾಡುವವನಿಗೆ ಪೆಟ್ರೋಲು ಎಂಬ ಲೋಕರೂಢಿಯ ಮಾತು ಹೀಗೆ ತಲೆಕೆಳಗಾಗಿದೆ. ದಿನವೂ ಒಂದೇ ದಾರಿಯಲ್ಲಿ, ಬ್ಯಾಟರಿಯ ಮಿತಿಯೊಳಗೆ, ಬಿಡದೆ ಓಡುವವನಿಗೇ ವಿದ್ಯುತ್ತಿನ ಲಾಭ ಪೂರ್ಣವಾಗಿ ದಕ್ಕುವುದು.

ಇದರಲ್ಲಿ ನಮ್ಮ ರಾಜ್ಯದ ಮಟ್ಟಿಗೆ ತೊಡಕೊಂದುಂಟು. 2023ರ ಆಗಸ್ಟಿನಲ್ಲಿ ನಮ್ಮ ನೆರೆಯ ಕಲಬುರಗಿಯಲ್ಲಿಯೇ ಉದ್ಘಾಟನೆಗೊಂಡ ಗೃಹಜ್ಯೋತಿ ಯೋಜನೆಯಂತೆ, ಮನೆಯೊಂದು ಹಿಂದೆ ಸರಾಸರಿಯಾಗಿ ಬಳಸುತ್ತಿದ್ದ ವಿದ್ಯುತ್ತಿಗೆ ನೂರಕ್ಕೆ ಹತ್ತರಂತೆ ಸೇರಿಸಿ, ಇನ್ನೂರು ಯೂನಿಟ್ಟಿನ ಮಿತಿಯೊಳಗೆ ಬಿಲ್ಲು ಮನ್ನವಾಗುತ್ತದೆ. ಬಳಕೆಯು ಇನ್ನೂರನ್ನು ದಾಟಿತೆಂದರೆ ಆ ತಿಂಗಳು ಪೂರ್ತಿ ಬಿಲ್ಲನ್ನು ಕಟ್ಟಬೇಕು. ಮನೆಯ ದೀಪ, ಫ್ಯಾನು, ಫ್ರಿಜ್ಜುಗಳಿಗೆ ನೂರು ಯೂನಿಟ್ಟು ಖರ್ಚಾಗುವ ಸಂಸಾರಕ್ಕೆ ಕಾರಿನ ಮುನ್ನೂರು ಯೂನಿಟ್ಟು ಬಂದು ಸೇರಿಕೊಂಡಾಗ, ಉಚಿತವಾಗಿದ್ದ ನೂರಕ್ಕೂ ದುಡ್ಡು ಬೀಳುವುದು. ಕಾರು ಮಾರುವ ಅಂಗಡಿಯಲ್ಲಿ ಈ ಮಾತನ್ನು ಯಾರೂ ಎತ್ತುವುದಿಲ್ಲ. ಇಷ್ಟಲ್ಲದೆ, ಒಂದು ಕಿಲೋವ್ಯಾಟ್ ಲೋಡಿಗೆ ಮಂಜೂರಾದ ಮನೆಯಲ್ಲಿ ಮೂರು ಕಿಲೋವ್ಯಾಟ್ ಎಳೆಯುವ ಚಾರ್ಜರನ್ನು ಸಿಕ್ಕಿಸಿದರೆ ಫ್ಯೂಜು ಸುಡುವುದೋ ಮೀಟರು ಸುಡುವುದೋ ಹೇಳಲಾಗದು. ಕಾರು ಕೊಳ್ಳುವ ಮೊದಲೇ ವಿದ್ಯುತ್ ಸರಬರಾಜಿನ ಜೆಸ್ಕಾಂ ಕಚೇರಿಗೆ ಹೋಗಿ, ಕಾರಿಗೆಂದೇ ಬೇರೊಂದು ಮೀಟರನ್ನೂ ಅದರ ಆರ್.ಆರ್. ನಂಬರನ್ನೂ ಪಡೆಯುವ ವಿಚಾರವನ್ನು ಇತ್ಯರ್ಥ ಮಾಡಿಕೊಳ್ಳಬೇಕೆಂದು ನನ್ನ ಮಿತ್ರರಿಗೆಲ್ಲ ನಾನು ಹೇಳುತ್ತ ಬಂದಿದ್ದೇನೆ.

ಸುರಪುರದ ಬಸ್ ನಿಲ್ದಾಣದ ಹೊರಗೆ ಬ್ಯಾಟರಿಯ ಟಂಟಂ ಆಟೋ ನಿಲ್ಲಿಸಿಕೊಂಡಿದ್ದ ತರುಣನೊಬ್ಬನು ನನಗೆ ಹಾಕಿದ ಪ್ರಶ್ನೆಯ ಮುಂದೆ ಮೇಲಿನ ಲೆಕ್ಕಗಳೆಲ್ಲ ಸ್ವಲ್ಪ ಹೊತ್ತು ಮೂಕವಾದುವು. ಬೇಸಿಗೆಯ ಸಂಜೆ. ಆತನು ಸೀಟಿನ ಕೆಳಗಿನ ಚೀಲದಿಂದ ಚಾರ್ಜರಿನ ವೈರನ್ನು ಹೊರತೆಗೆದು, ಅಂಗೈಗೂ ಮೊಣಕೈಗೂ ಹಗ್ಗ ಸುತ್ತುವಂತೆ ಒಪ್ಪವಾಗಿ ಸುತ್ತುತ್ತಿದ್ದನು. ವೈರಿನ ಒಂದೆಡೆ ಕಪ್ಪು ಟೇಪು ಸುತ್ತಿತ್ತು. ಪ್ಲಗ್ಗಿನ ಒಂದು ಕಡ್ಡಿ ಕಾಯ್ದು ಕಂದಿತ್ತು. "ಗಾಡಿ ಚಲೋನೇ ಅದರಿ ಸರ," ಎಂದನು. "ಸಪ್ಪಳಿಲ್ಲ, ಹೊಗಿಲ್ಲ, ದಿನದ ಖರ್ಚೂ ಕಮ್ಮಿ. ಖರೇ ನಮ್ಮೂರಾಗ ಟೀಸಿ ಸುಟ್ರ ನಾಕ್ ದಿನ ಕರೆಂಟ್ ಇರಂಗಿಲ್ಲ. ಆ ನಾಕ್ ದಿನ ನಾ ಏನ್ ಉಣ್ಲಿ?"

ಟೀಸಿ ಎಂಬುದು ನಮ್ಮ ಕಡೆಯ ರೈತರೆಲ್ಲರ ಬಾಯಲ್ಲಿರುವ ಟ್ರಾನ್ಸ್‌ಫಾರ್ಮರಿನ ಹೆಸರು. ನಾರಾಯಣಪುರದ ಕಾಲುವೆಯ ನೀರು ಬಂದು ನಮ್ಮ ಭೂಮಿ ಭತ್ತದ ಗದ್ದೆಯಾದಂದಿನಿಂದ, ಒಂದು ಟೀಸಿಯ ಮೇಲೆ ಎಷ್ಟು ಪಂಪ್‌ಸೆಟ್ಟುಗಳ ಭಾರ ಬೀಳುತ್ತದೆಂಬುದು ಹೊಲ ಮಾಡಿದವರಿಗೆ ತಿಳಿದದ್ದೇ. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಲೈನನ್ನು ಪಂಪ್‌ಸೆಟ್ಟಿನ ಲೈನಿನಿಂದ ಬೇರ್ಪಡಿಸಿದ ಮೇಲೆ ಹಳ್ಳಿಯ ದೀಪಗಳ ಸ್ಥಿತಿ ಎಷ್ಟೋ ಸುಧಾರಿಸಿದೆ. ಆದರೆ ಇಪ್ಪತ್ತೈದು ಕೆ.ವಿ.ಎ. ಟೀಸಿಯನ್ನು ನಂಬಿದ ಒಂದು ಓಣಿಯಲ್ಲಿ, ಎಂಟು ಮನೆಗಳವರು ರಾತ್ರಿ ಊಟ ಮುಗಿಸಿ ಏಕಕಾಲಕ್ಕೆ ಎಂಟು ಕಾರುಗಳನ್ನು ಚಾರ್ಜಿಗೆ ಹಾಕಿದರೆಂದರೆ, ಅದರ ಶಕ್ತಿಯೆಲ್ಲ ಅಲ್ಲಿಗೇ ಮುಗಿಯಿತು. ಉಳಿದ ಮನೆಗಳ ಫ್ಯಾನಿಗೆ ಗಾಳಿಯಿಲ್ಲ. ಆದಕಾರಣ ನಮ್ಮಲ್ಲಿ ವಿದ್ಯುತ್ ವಾಹನದ ಭವಿಷ್ಯವನ್ನು ನಿರ್ಧರಿಸತಕ್ಕ ವಸ್ತು ಕಾರಿನ ಹೊಟ್ಟೆಯೊಳಗಿನ ಬ್ಯಾಟರಿಗಿಂತ ಹೆಚ್ಚಾಗಿ, ಓಣಿಯ ತುದಿಯಲ್ಲಿ ಎರಡು ಕಂಬಗಳ ನಡುವೆ ಕುಳಿತಿರುವ ಆ ಬೂದುಬಣ್ಣದ ಪೆಟ್ಟಿಗೆಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ. 2017ರಲ್ಲಿ ದೇಶಕ್ಕೇ ಮೊದಲನೆಯದಾಗಿ ವಿದ್ಯುತ್ ವಾಹನ ನೀತಿಯನ್ನು ಪ್ರಕಟಿಸಿದ ನಮ್ಮ ರಾಜ್ಯವು, ಆ ನೀತಿಯ ಫಲವನ್ನು ಬೆಂಗಳೂರಿನ ರಾಜಬೀದಿಗಳಿಂದ ಈ ಪೆಟ್ಟಿಗೆಯವರೆಗೆ ಇಳಿಸಬೇಕೆಂದು ನಾವು ಕೇಳುವುದು ಅನ್ಯಾಯವಲ್ಲ.

ನಮ್ಮ ಬಿಸಿಲು ಬೇರೆ. ನಲವತ್ತೆರಡು ಡಿಗ್ರಿ ದಾಟುವ ವೈಶಾಖದ ಮಧ್ಯಾಹ್ನಗಳಲ್ಲಿ ಲಿಥಿಯಂ ಬ್ಯಾಟರಿಯ ಆಯುಷ್ಯ ಬೇಗ ಸವೆಯುತ್ತದೆ. ಅಮೆರಿಕದ ಅರಿಝೋನಾ ಮರುಭೂಮಿಯಲ್ಲಿ 2012ರ ಸುಮಾರಿನಲ್ಲಿ, ದ್ರವದಿಂದ ತಂಪು ಮಾಡುವ ಏರ್ಪಾಡಿಲ್ಲದಿದ್ದ ಜಪಾನಿನ ಕಾರೊಂದರ ಬ್ಯಾಟರಿಗಳು ಅಕಾಲದಲ್ಲಿ ಬಲಗುಂದಿ, ಕೊಂಡವರು ದೂರು ಹೇಳಿದ್ದುಂಟು. ಈಗಿನ ಬಹುಪಾಲು ಕಾರುಗಳಲ್ಲಿ ಆ ಏರ್ಪಾಡು ಇದೆ. ಎಂಟು ವರ್ಷ ಅಥವಾ ಒಂದು ಲಕ್ಷ ಅರವತ್ತು ಸಾವಿರ ಕಿಲೋಮೀಟರಿನ ವಾರಂಟಿಯನ್ನು ಬ್ಯಾಟರಿಗೆ ಕೊಡುವುದೂ ರೂಢಿಯಾಗಿದೆ. ಆದರೂ ಕಾರನ್ನು ಬೇವಿನ ಮರದ ನೆರಳಿನಲ್ಲಿ ನಿಲ್ಲಿಸುವುದು, ಓಡಿ ಬಂದು ಕಾಯ್ದ ಕೂಡಲೇ ಚಾರ್ಜಿಗೆ ಹಾಕದಿರುವುದು, ಇವೆರಡನ್ನು ನಮ್ಮವರು ಪಾಲಿಸಿದರೆ ಒಳ್ಳೆಯದು. ದಣಿದು ಬಂದ ಎತ್ತನ್ನು ತುಸು ಹೊತ್ತು ನಿಲ್ಲಿಸಿ ಆಮೇಲೆ ನೀರಿಗೆ ಬಿಡುವುದು ನಮ್ಮ ಒಕ್ಕಲಿಗನಿಗೆ ಗೊತ್ತಿರುವ ವಿಷಯವೇ.

ಪೆಟ್ರೋಲಿನ ಪರವಾಗಿ ಹೇಳಲೇಬೇಕಾದದ್ದನ್ನು ನಾನು ಒಂದು ರಾತ್ರಿಯ ಅನುಭವದಿಂದ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಸುರಪುರದಲ್ಲಿ ನಮ್ಮ ಅಕ್ಕನವರಿಗೆ ರಾತ್ರಿ ಒಂದು ಗಂಟೆಯ ಹೊತ್ತಿಗೆ ಎದೆನೋವು ಕಾಣಿಸಿಕೊಂಡಿತು. ಕಲಬುರಗಿಗೇ ಒಯ್ಯಿರೆಂದು ವೈದ್ಯರು ಹೇಳಿದರು. ದಾರಿ ನೂರು ಕಿಲೋಮೀಟರಿಗೂ ಹೆಚ್ಚು. ನೆರೆಮನೆಯವರು ಕಾರು ತೆಗೆದರು. ಟ್ಯಾಂಕು ಬಹುತೇಕ ಬರಿದಾಗಿತ್ತು. ಶಹಾಪುರದ ಬಂಕಿನಲ್ಲಿ ಮಲಗಿದ್ದ ಹುಡುಗನನ್ನು ಎಬ್ಬಿಸಿ ಪೆಟ್ರೋಲು ಹಾಕಿಸಿದೆವು. ನಾಲ್ಕು ನಿಮಿಷವೂ ಹಿಡಿಯಲಿಲ್ಲ. ಹಿಂದಿನ ಸೀಟಿನಲ್ಲಿ ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಪಂಪಿನ ಅಂಕಿಗಳು ಏರುವುದನ್ನು ನೋಡುತ್ತಿದ್ದ ಆ ನಾಲ್ಕು ನಿಮಿಷವನ್ನು ನಾನು ಮರೆತಿಲ್ಲ. ಅದು ವಿದ್ಯುತ್ ಕಾರಿನ ಚಾರ್ಜಿಗೆ ಕಾಯುವ ನಲವತ್ತು ನಿಮಿಷವಾಗಿದ್ದರೆ ಎಂದು ನೆನೆದರೆ ಇಂದಿಗೂ ಮೈ ಝುಮ್ಮೆನ್ನುತ್ತದೆ. ಸಂಜೆ ತಿರುಗಾಡಿ ಬಂದು ಆಗತಾನೆ ಚಾರ್ಜಿಗೆ ಹಾಕಿದ ಕಾರು ನಡುರಾತ್ರಿಗೆ ಅರೆಹೊಟ್ಟೆಯಲ್ಲಿರುತ್ತದೆ. ಹೆದ್ದಾರಿಯಲ್ಲಿ ನೆಚ್ಚಬಹುದಾದ ವೇಗದ ಚಾರ್ಜರುಗಳು ಶಹಾಪುರದಲ್ಲಿಯೂ ಜೇವರ್ಗಿಯಲ್ಲಿಯೂ ಇರುಳು ಹಗಲೆನ್ನದೆ ಕೆಲಸ ಮಾಡುವವರೆಗೆ, ಇರುವ ಒಂದೇ ಕಾರು ವಿದ್ಯುತ್ತಿನದಾಗಲಿ ಎಂದು ಮುದಿ ತಂದೆತಾಯಿಗಳಿರುವ ಹಳ್ಳಿಯ ಮನೆಗೆ ಸಲಹೆ ಮಾಡುವುದಕ್ಕೆ ನನ್ನ ನಾಲಗೆ ಏಳದು.

ಹೊಗೆಯ ವಿಚಾರಕ್ಕೆ ಬಂದರೆ, ವಿದ್ಯುತ್ ಕಾರಿಗೆ ಹೊಗೆ ಇಲ್ಲವೆಂಬ ಮಾತು ಪೂರ್ಣಸತ್ಯವಲ್ಲ. ನಮ್ಮ ನೆರೆಯ ಶಕ್ತಿನಗರದಲ್ಲಿ, ಇದೇ ಕೃಷ್ಣೆಯ ದಂಡೆಯ ಮೇಲೆ, 1985ರಿಂದ ಕಲ್ಲಿದ್ದಲನ್ನು ಉರಿಸುತ್ತಿರುವ ರಾಯಚೂರು ಶಾಖೋತ್ಪನ್ನ ಕೇಂದ್ರದ ಚಿಮಣಿಗಳು ಆ ಹೊಗೆಯನ್ನು ನಮ್ಮ ಪರವಾಗಿ ಉಗುಳುತ್ತಿವೆ. ಬರಿಯ ಕಲ್ಲಿದ್ದಲಿನ ವಿದ್ಯುತ್ತಿನಿಂದಲೇ ಓಡಿಸಿದರೆ ಕಿಲೋಮೀಟರೊಂದಕ್ಕೆ ಹೊರಡುವ ಇಂಗಾಲದ ಡೈಆಕ್ಸೈಡು ಪೆಟ್ರೋಲಿನದಕ್ಕಿಂತ ಹೆಚ್ಚೇನೂ ಕಡಮೆಯಾಗದು. ಆದರೆ ನಮ್ಮ ಮನೆಗಳ ಮಾಳಿಗೆಗಳನ್ನು ನೋಡಿರಿ! ಕಲ್ಲಿನ ಗೋಡೆ, ಸಮತಲವಾದ ಮಾಳಿಗೆ. ಅಲ್ಲಿ ಮೆಣಸಿನಕಾಯಿ ಒಣಗುತ್ತದೆ, ಹಪ್ಪಳ ಸಂಡಿಗೆ ಒಣಗುತ್ತವೆ, ಬೇಸಿಗೆಯ ರಾತ್ರಿ ಮನೆಮಂದಿಯೆಲ್ಲ ಮಲಗುತ್ತಾರೆ. ಅದರ ಒಂದು ಮೂಲೆಯಲ್ಲಿ ನೂರು ಚದರಡಿಯಷ್ಟು ಜಾಗದಲ್ಲಿ ಒಂದು ಕಿಲೋವ್ಯಾಟಿನ ಸೌರಫಲಕಗಳನ್ನು ಹಾಸಿದರೆ, ದಿನಕ್ಕೆ ನಾಲ್ಕು ಯೂನಿಟ್ಟು, ಎಂದರೆ ಇಪ್ಪತ್ತೆಂಟು ಕಿಲೋಮೀಟರಿನ ಓಟ, ಸೂರ್ಯದೇವನಿಂದ ನೇರವಾಗಿ ಸಿಗುವುದು. ಈ ಬಿಸಿಲನ್ನು ಶಪಿಸುತ್ತಲೇ ಬಾಳಿದ ಸೀಮೆ ನಮ್ಮದು. ಅದು ಒಂದು ದಿನ ನಮ್ಮ ಗಾಡಿಯನ್ನೆಳೆದೀತೆಂಬುದು ನನಗೆ ನಿಜವಾಗಿಯೂ ಹರ್ಷದ ಸಂಗತಿ. ಬ್ಯಾಟರಿಗೆ ಬೇಕಾದ ಲಿಥಿಯಂ ಲೋಹವನ್ನು ಮಂಡ್ಯದ ಮರ್ಲಗಲ್ಲದಲ್ಲಿ 1600 ಟನ್ನಿನಷ್ಟು ಗುರುತಿಸಿರುವ ಪರಮಾಣು ಖನಿಜಗಳ ನಿರ್ದೇಶನಾಲಯವು ನಮ್ಮ ಯಾದಗಿರಿ ಜಿಲ್ಲೆಯಲ್ಲಿಯೂ ಪ್ರಾಥಮಿಕ ಶೋಧ ನಡೆಸಿರುವುದಾಗಿ 2024ರಲ್ಲಿ ಸಂಸತ್ತಿಗೆ ಸರಕಾರ ತಿಳಿಸಿದೆ. ಶೋಧವು ಗಣಿಯಾದೀತೆಂದು ಈಗಲೇ ಹಿಗ್ಗುವಂತಿಲ್ಲ. ಗಣಿಯಾದ ಪಕ್ಷದಲ್ಲಿ ಅಂತರ್ಜಲಕ್ಕೆ ಕೇಡಾಗದಂತೆ ಎಚ್ಚರವಹಿಸಬೇಕಾದವರೂ ನಾವೇ.

ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲನ್ನು ಕಂಡಾಗಲೆಲ್ಲ ನನಗೊಂದು ವಿಚಾರ ಬರುವುದುಂಟು. ಅದನ್ನು ಕಟ್ಟಿಸಿದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರನ ಕಾಲದಲ್ಲಿ ಅಧಿಕಾರಿಗಳು ದೂರದೂರಿಗೆ ಹೊರಟರೆ ಡಾಕು ಪಲ್ಲಕ್ಕಿಯಲ್ಲಿ ಹೋಗುತ್ತಿದ್ದರು. ದಾರಿಯ ಗೊತ್ತಾದ ತಾಣಗಳಲ್ಲಿ ದಣಿದ ಬೋಯಿಗಳು ಹಿಂದುಳಿದು, ಕಾದು ನಿಂತ ಹೊಸ ಹೆಗಲುಗಳು ಪಲ್ಲಕ್ಕಿಯನ್ನು ಹೊರುತ್ತಿದ್ದುವು. ಇಂದು ಆಟೋಗಳಿಗೆ ಬರಿದಾದ ಬ್ಯಾಟರಿಯನ್ನು ಇಳಿಸಿ ತುಂಬಿದ್ದನ್ನು ಏರಿಸುವ ಪದ್ಧತಿ ನಗರಗಳಲ್ಲಿ ಬಂದಿರುವುದು ಇದೇ ಉಪಾಯದ ಮರುಹುಟ್ಟು. ಯಾದಗಿರಿಯ ರೈಲು ನಿಲ್ದಾಣದ ಮುಂದೆ, ಶಹಾಪುರ ಸುರಪುರಗಳ ಬಸ್ ನಿಲ್ದಾಣಗಳ ಮುಂದೆ ಇಂಥ ಒಂದೊಂದು ಕಟ್ಟೆ ಏರ್ಪಟ್ಟರೆ, ಟೀಸಿ ಸುಟ್ಟ ನಾಲ್ಕು ದಿನಗಳಲ್ಲಿ ಆ ತರುಣನಿಗೆ ಊಟ ತಪ್ಪದು. ಸರಕಾರದ ಸಹಾಯಧನವಾಗಲಿ ಬ್ಯಾಂಕಿನ ಸಾಲದ ರಿಯಾಯಿತಿಯಾಗಲಿ ಮೊದಲು ಮುಟ್ಟಬೇಕಾದುದು ವರ್ತಕರ ಅಂಗಳದಲ್ಲಿ ಹೊಳೆಯುತ್ತ ನಿಲ್ಲುವ ಕಾರಿಗಲ್ಲ, ದಿನವೂ ನಿಗದಿಯಾದ ದಾರಿಯಲ್ಲಿ ಕೂಲಿಯವರನ್ನೂ ಶಾಲೆಯ ಮಕ್ಕಳನ್ನೂ ತುಂಬಿಕೊಂಡು ಓಡುವ ಟಂಟಂ, ಕ್ರೂಸರುಗಳಿಗೆ. ಜೊತೆಯಲ್ಲಿಯೇ ಎಂಜಿನ್ನು ಬಿಚ್ಚಿ ಜೋಡಿಸಿ ಕೈ ಕಪ್ಪಾಗಿಸಿಕೊಂಡ ನಮ್ಮ ಗ್ಯಾರೇಜಿನ ಮೇಸ್ತ್ರಿಗಳಿಗೆ ಮೋಟಾರು, ಬ್ಯಾಟರಿಗಳ ವಿದ್ಯೆಯನ್ನು ಐ.ಟಿ.ಐ.ಗಳಲ್ಲಿ ಸಂಜೆಯ ಹೊತ್ತು ಕಲಿಸುವ ವ್ಯವಸ್ಥೆಯೂ ಆಗಬೇಕು. ಅವರ ಅನ್ನ ಕಳೆದು ಬರುವ ಗಾಡಿಯನ್ನು ಊರು ಮನಸಾರೆ ಸ್ವಾಗತಿಸಲಾರದು.

ಸೀಸೆಯ ಪೆಟ್ರೋಲು ಮಾರುವ ಆ ಹಳ್ಳಿಗಳಲ್ಲೊಂದಕ್ಕೆ ನಾನು ಮೊನ್ನೆ ಮತ್ತೆ ಹೋಗಿದ್ದೆ. ಅಂಗಡಿಯ ಗೋಡೆಯ ಮೇಲೆ ಹೊಸದಾಗಿ ಹದಿನೈದು ಆಂಪಿಯರಿನ ಒಂದು ಪ್ಲಗ್ಗು ಕೂಡಿಸಿತ್ತು. ಅದರ ಕೆಳಗೆ ಬ್ಯಾಟರಿಯ ಸ್ಕೂಟರೊಂದು ಚಾರ್ಜಿಗೆ ನಿಂತಿತ್ತು. "ಇದಕ್ಕ ಲೈಸನ್ಸ್ ಏನರ ಬೇಕೇನ್ರಿ ಕಾಕಾ?" ಎಂದು ಅಂಗಡಿಯವನು ಕೇಳಿದನು. ವಾಹನಕ್ಕೆ ಚಾರ್ಜು ಮಾಡಿಕೊಡುವುದು ವಿದ್ಯುತ್ತಿನ ಮಾರಾಟವಲ್ಲ, ಒಂದು ಸೇವೆ, ಅದಕ್ಕೆ ಲೈಸನ್ಸು ಬೇಕಿಲ್ಲವೆಂದು 2018ರಲ್ಲಿಯೇ ಕೇಂದ್ರದ ವಿದ್ಯುತ್ ಮಂತ್ರಾಲಯವು ಸ್ಪಷ್ಟಪಡಿಸಿದೆಯೆಂದೂ, ಆದರೆ ಮನೆಯ ಮೀಟರಿನಿಂದ ಎಳೆಯದೆ ತಕ್ಕ ದರದ ಬೇರೆ ಮೀಟರು ಹಾಕಿಸಿಕೊಳ್ಳಬೇಕೆಂದೂ ಹೇಳಿದೆನು. ಆತನು ಸೀಸೆಗಳ ಕಡೆಗೊಮ್ಮೆ, ಪ್ಲಗ್ಗಿನ ಕಡೆಗೊಮ್ಮೆ ನೋಡಿ, ಮೀಟರಿನ ಅರ್ಜಿಗೆ ಏನೇನು ಕಾಗದ ಬೇಕೆಂದು ಕೇಳುತ್ತ, ಬೀಡಿಯ ಕಟ್ಟಿನ ಹಾಳೆಯೊಂದನ್ನು ಹರಿದು ನನ್ನ ಕೈಗೆ ಪೆನ್ನಿನೊಡನೆ ಕೊಟ್ಟನು.